ದಡಕ್ಕೆ ಬೆನ್ನು ಹಾಕಿ

ಕಡಲ ಹಕ್ಕಿಯ ಫೋಟೊ ತೆಗೆಯುವಷ್ಟು ದಂಡದ ಕೆಲಸ ಈ ಲೋಕದಲ್ಲಿ ಇನ್ನೊಂದು ಇರಲಿಕ್ಕಿಲ್ಲ. ದೋಣಿ ಅಲ್ಲಾಡುತ್ತದೆ, ಹಕ್ಕಿ ಹಾರುತ್ತದೆ, ಎರಡೂ ಒಟ್ಟಿಗೆ ಒಂದು ಕ್ಷಣ ಸುಮ್ಮನಿರುವುದು ಎಂಬುದೇ ಇಲ್ಲ. ಲೆನ್ಸಿಗೆ ಉಪ್ಪು ಹಿಡಿಯುತ್ತದೆ. ಹೊಟ್ಟೆ ತೊಳಸುತ್ತದೆ. ನಾಲ್ಕು ನೂರು ಫೋಟೊ ತೆಗೆದು ಮನೆಗೆ ಬಂದು ನೋಡಿದರೆ ಮುನ್ನೂರ ತೊಂಬತ್ತರಲ್ಲಿ ಬರೀ ನೀರು. ಒಮ್ಮೆ ನನ್ನ ಹೆಂಡತಿ ಹಿಂದೆ ನಿಂತು ನೋಡಿ, "ಇಷ್ಟು ನೀರಿನ ಫೋಟೊ ಎಂತಕ್ಕೆ? ನಮ್ಮ ಬಾವಿಯಲ್ಲಿ ಇಲ್ವಾ?" ಎಂದು ಕೇಳಿದ್ದಳು. ನನಗೆ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ನನಗೆ ಐವತ್ತನಾಲ್ಕು. ಮನೆ ಕಲ್ಯಾಣಪುರದಲ್ಲಿ, ಕೆಲಸ ಮಣಿಪಾಲದ ಒಂದು ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ. ಇಪ್ಪತ್ತೇಳು ವರ್ಷಗಳಿಂದ ದಿನಕ್ಕೆ ನೂರು ಸಲ ಒಂದೇ ಮಾತು ಹೇಳುತ್ತಿದ್ದೇನೆ: "ಉಸಿರು ಹಿಡ್ಕೊಳ್ಳಿ, ಅಲ್ಲಾಡಬೇಡಿ." ಅಲ್ಲಾಡದ ಮನುಷ್ಯರ ಫೋಟೊ ತೆಗೆದು ತೆಗೆದು ಬೇಸತ್ತೇ ಅಲ್ಲಾಡುವ ಹಕ್ಕಿಗಳ ಹಿಂದೆ ಬಿದ್ದೆನೋ ಏನೋ. ಹದಿನೈದು ವರ್ಷ ಆಯಿತು. ಮಂಗಳವಾರ ನನಗೆ ವಾರದ ರಜೆ. ಬೇರೆಯವರು ರಜೆಯ ದಿನ ಮಲಗುತ್ತಾರೆ, ಮದುವೆಗೆ ಹೋಗುತ್ತಾರೆ, ಮೀನು ಹುರಿದು ತಿನ್ನುತ್ತಾರೆ. ನಾನು ನಾಲ್ಕು ಕೆ.ಜಿ.ಯ ಲೆನ್ಸ್ ಹೆಗಲಿಗೆ ಹಾಕಿಕೊಂಡು ಕಡಲಿಗೆ ಹೋಗುತ್ತೇನೆ. ಈಗ ಆ ಹೆಗಲು ಬೇಡ ಬೇಡ ಎನ್ನುತ್ತದೆ.

ಇಷ್ಟೆಲ್ಲ ಮಾಡಿ ನನಗೆ ಬೇಕಾಗಿದ್ದದ್ದು ಒಂದು ಹಕ್ಕಿ. ಮಾಸ್ಕ್‌ಡ್ ಬೂಬಿ ಎನ್ನುತ್ತಾರೆ ಅದಕ್ಕೆ. ಬಾತುಕೋಳಿಗಿಂತ ದೊಡ್ಡದು, ಮೈಯೆಲ್ಲ ಹಾಲಿನ ಬಿಳಿ, ಮುಖಕ್ಕೆ ಮಾತ್ರ ಕಪ್ಪು. ನೆಲದ ಹತ್ತಿರ ಅದು ಸುಳಿಯುವುದು ತೀರಾ ಅಪರೂಪ, ಮಳೆಗಾಲದ ಗಾಳಿಗೆ ದಾರಿ ತಪ್ಪಿ ಬಂದರೆ ಬಂತು. ಹದಿನೈದು ವರ್ಷದಲ್ಲಿ ನಾನು ನೋಡಿದ್ದು ಒಂದೇ ಒಂದು. ಅದೂ ಸತ್ತದ್ದು. ಕಾಪುವಿನ ಮರಳಿನ ಮೇಲೆ ಬಿದ್ದಿತ್ತು, ನಾಯಿಯೊಂದು ಅದರ ರೆಕ್ಕೆ ಎಳೆಯುತ್ತಿತ್ತು. ನಾಯಿಯನ್ನು ಓಡಿಸಿ ಆ ಹಕ್ಕಿಯ ಪಕ್ಕದಲ್ಲಿ ಸುಮಾರು ಹೊತ್ತು ಕುಳಿತಿದ್ದೆ. ಜೀವ ಇರುವುದನ್ನು ಒಮ್ಮೆ ನೋಡಬೇಕು ಎಂದು ಆವತ್ತಿನಿಂದ ತಲೆಯಲ್ಲಿ ಹೊಕ್ಕಿತು.

ನಾನು ದೋಣಿ ಹತ್ತುವಂತಾದದ್ದೂ ಎಕ್ಸ್-ರೇ ಕೋಣೆಯಿಂದಲೇ. ಕಾಪುವಿನ ಮೀನುಗಾರರೊಬ್ಬರು ಬಲಗೈಯ ಹೆಗಲು ಮುರಿದುಕೊಂಡು ಬಂದಿದ್ದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಒಣಗಿದ ಕಟ್ಟಿಗೆಯಂಥ ಮೈ. ಗೋಡೆಯ ಮೇಲೆ ನಾನು ತೆಗೆದ ಒಂದು ರೀವ ಹಕ್ಕಿಯ ಫೋಟೊ ಅಂಟಿಸಿದ್ದೆ. ಕತ್ತರಿಯಂಥ ಬಾಲದ, ಕಪ್ಪು ನೆತ್ತಿಯ, ಕಡಲ ಮೇಲೆಯೇ ಬದುಕುವ ಹಕ್ಕಿ ಅದು. ಅವರು ನೋವಿನಲ್ಲಿ ಹಲ್ಲು ಕಚ್ಚಿಕೊಂಡೇ ಅದನ್ನು ದಿಟ್ಟಿಸಿದರು.

"ಇದು ನಮ್ಮ ಕಲ್ಲಿನ ಹತ್ತಿರ ಬೇಕಾದಷ್ಟು ಉಂಟು," ಎಂದರು.

"ಯಾವ ಕಲ್ಲು?"

ತಪ್ಪಿ ಬಾಯಿಗೆ ಬಂದುಬಿಟ್ಟಿತು ಎಂಬಂತೆ ಅವರು ಬಾಯಿ ಮುಚ್ಚಿದರು. "ಎಂತ ಇಲ್ಲ. ಹಕ್ಕಿ ಉಂಟು ಅಂದೆ, ಅಷ್ಟೇ."

ನಾವಿಬ್ಬರೂ ತುಳುವಿನಲ್ಲೇ ಮಾತಾಡಬಹುದಿತ್ತು. ಅವರ ಮನೆಮಾತು ತುಳು, ನನ್ನದು ಕೊಂಕಣಿಯಾದರೂ ತುಳು ಬಾರದೆ ಈ ಊರಲ್ಲಿ ಬದುಕಲಾಗುವುದಿಲ್ಲ. ಆದರೆ ಆಸ್ಪತ್ರೆಯಲ್ಲಿ ಶುರುವಾದ ಕನ್ನಡವೇ ನಮ್ಮ ನಡುವೆ ಉಳಿದುಬಿಟ್ಟಿತು. ಹೆಗಲು ಕೂಡಿಕೊಳ್ಳುವವರೆಗೆ ಅವರು ನಾಲ್ಕು ಸಲ ಬಂದರು. ನಾಲ್ಕನೆಯ ಸಲ ಹೊರಡುವಾಗ ಕೇಳಿದರು, "ನಿಮಗೆ ಹಗ್ಗ ಎಳೆಯಲಿಕ್ಕೆ ಬರ್ತದಾ?"

ಅವರದ್ದು ಗಾಳದ ಮೀನುಗಾರಿಕೆ. ಸಣ್ಣ ಫೈಬರ್ ದೋಣಿ, ಹಿಂದೆ ಒಂದು ಎಂಜಿನ್, ಒಬ್ಬರೇ ಹೋಗುವುದು. ಗಾಳದ ದಾರವನ್ನು ಎಡಗೈಯಲ್ಲಿ ಹೇಗೋ ಎಳೆಯಬಹುದು, ಆದರೆ ನೀರಿನ ತಳದಿಂದ ಲಂಗರು ಎತ್ತಲು ಬಲ ಹೆಗಲು ಬೇಕು. ಹಾಗೆ ಒಪ್ಪಂದವಾಯಿತು. ಉಳಿದ ದಿನ ಅವರು ಲಂಗರಿಲ್ಲದೆ ದಡದ ಹತ್ತಿರವೇ ಗಾಳ ಹಾಕುತ್ತಾರೆ. ಮಂಗಳವಾರಗಳಲ್ಲಿ ಮಾತ್ರ ಕಲ್ಲಿಗೆ, ಅಲ್ಲಿ ನಾನು ಲಂಗರು ಎತ್ತಬೇಕು, ಅವರು ನನ್ನನ್ನು ಹಕ್ಕಿಗಳ ಹತ್ತಿರ ಕರೆದುಕೊಂಡು ಹೋಗಬೇಕು. ಲಂಗರು ಎಂದರೆ ನಾಲ್ಕು ಕೊಂಡಿಯ ಕಬ್ಬಿಣ, ಅದರ ಮೇಲೆ ಒದ್ದೆ ಹಗ್ಗ. ಮೊದಲ ದಿನ ನನ್ನ ಅಂಗೈ ಸುಲಿದು ಕೆಂಪಾಗಿ, ಮರುದಿನ ಎಕ್ಸ್-ರೇ ಯಂತ್ರದ ಗುಂಡಿ ಒತ್ತಲೂ ಆಗಲಿಲ್ಲ.

ಆ ಕಲ್ಲಿನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ದಡದಿಂದ ಅರ್ಧ ಗಂಟೆ ಎಂಜಿನ್ ಓಡಿಸಿದರೆ ನೀರಿನಡಿಯಲ್ಲಿ ಒಂದು ದೊಡ್ಡ ಬಂಡೆ ಇದೆ. ಮೇಲಿನಿಂದ ಏನೂ ಕಾಣುವುದಿಲ್ಲ, ಸುತ್ತಲೂ ಇರುವಂಥದ್ದೇ ನೀರು. ಅವರ ತಂದೆ ಸೀಸದ ಗುಂಡು ಕಟ್ಟಿದ ದಾರ ಇಳಿಸಿ ಇಳಿಸಿ, ಮರಳಿಗೆ ಬಿದ್ದ ಗುಂಡಿಗೂ ಬಂಡೆಗೆ ತಾಗಿದ ಗುಂಡಿಗೂ ಕೈಯಲ್ಲೇ ವ್ಯತ್ಯಾಸ ತಿಳಿದು, ವರ್ಷಗಟ್ಟಲೆ ಹುಡುಕಿ ಕಂಡುಕೊಂಡದ್ದು. ಬಂಡೆಯ ಸಂದಿಗಳಲ್ಲಿ ಮುರು ಮೀನು ಇರುತ್ತದೆ, ಒಂದೊಂದು ತೊಡೆಯಷ್ಟು ದಪ್ಪ. ಸಣ್ಣ ಮೀನು ಮೇಲೆ ಬರುತ್ತದೆ, ಅದಕ್ಕಾಗಿ ಹಕ್ಕಿಗಳು ಬರುತ್ತವೆ. ತಂದೆ ಸಾಯುವ ಮೊದಲು ಮಗನಿಗೆ ಬಿಟ್ಟುಹೋದದ್ದರಲ್ಲಿ ಮನೆಗಿಂತ ದೊಡ್ಡದು ಅದೇ.

ಅದಕ್ಕೆ ಹೆಸರಿಲ್ಲ. ಮನೆಯಲ್ಲಿ ಮಾತಾಡುವಾಗ ಕೂಡ "ಆಚೆಯದ್ದು" ಎನ್ನುತ್ತಾರೆ. ಇನ್ನೊಂದು ದೋಣಿ ದೂರದಲ್ಲಿ ಕಂಡರೆ ಸಾಕು, "ಎತ್ತಿ, ಎತ್ತಿ!" ಎಂದು ನನ್ನಿಂದ ಲಂಗರು ಎತ್ತಿಸಿ, ಎಂಜಿನ್ ಕೆಟ್ಟವರ ಹಾಗೆ ಸುಮ್ಮನೆ ತೇಲುತ್ತಿದ್ದರು. ಹಿಂದಿರುಗುವಾಗ ನೇರವಾಗಿ ಬರುವುದಿಲ್ಲ, ತೆಂಕಕ್ಕೆ ಸುತ್ತು ಹಾಕಿ ಬರಬೇಕು. ದಡದಲ್ಲಿ ಯಾರಾದರೂ ಬುಟ್ಟಿ ಇಣುಕಿ, "ಎಲ್ಲಿ ಸಿಕ್ಕಿತು ಮಾರಾಯ್ರೆ?" ಎಂದರೆ ಅವರದ್ದು ಒಂದೇ ಉತ್ತರ: "ಕಡಲಲ್ಲಿ." ನನಗೆ ಇದೆಲ್ಲ ಬಹಳ ತಮಾಷೆಯಾಗಿ ಕಾಣುತ್ತಿತ್ತು.

ಹಾಗಾದರೆ ಬರೀ ನೀರಿನ ನಡುವೆ ಆ ಜಾಗ ಸಿಗುವುದು ಹೇಗೆ? ದಡ ನೋಡಿ. ಅವರ ಹತ್ತಿರ ಜಿಪಿಎಸ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹಿಂದಕ್ಕೆ ತಿರುಗಿ ನೋಡುತ್ತಾ ದೋಣಿ ಬಿಡುತ್ತಾರೆ. ಕಾಪುವಿನ ದೀಪಸ್ತಂಭದ ನೆತ್ತಿ, ಅದರ ಹಿಂದೆ ಬಹುದೂರದ ಘಟ್ಟದ ಸಾಲಿನಲ್ಲಿ ಒಂದು ತಗ್ಗು, ಇವೆರಡೂ ಒಂದೇ ಗೆರೆಗೆ ಬರಬೇಕು. ಬಡಗು ಬದಿಯಲ್ಲಿ ಒಂದು ನೀರಿನ ಟ್ಯಾಂಕ್, ಅದು ಎರಡು ಮೊಬೈಲ್ ಟವರುಗಳ ನಡುವೆ ಸರಿಯಾಗಿ ಕೂರಬೇಕು. ಎರಡು ಗೆರೆ ಕೂಡಿದ ಕಡೆ ಕಲ್ಲು. "ಇನ್ನು ಸ್ವಲ್ಪ… ಇನ್ನು ಸ್ವಲ್ಪ… ಹಾಂ, ಬಿಡಿ!" ಎಂದಾಗ ನಾನು ಲಂಗರು ಬಿಡುತ್ತಿದ್ದೆ. ಎಷ್ಟೋ ಮಂಗಳವಾರ ಹೀಗೆ ಬಿಟ್ಟಿದ್ದೇನೆ. ಆದ್ದರಿಂದ ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ಅದು ಶುದ್ಧ ಸುಳ್ಳಾಗುತ್ತದೆ.

ಇನ್ನೊಂದು ಸಂಗತಿಯನ್ನೂ ಹೇಳಬೇಕು, ಹೇಳಲು ನಾಚಿಕೆಯಾಗುತ್ತದೆ. ನಮ್ಮ ಹಕ್ಕಿ ಫೋಟೊದವರಲ್ಲಿ ಒಂದು ಕಟ್ಟುನಿಟ್ಟು ಇದೆ: ಗೂಡಿನ ಜಾಗ ಯಾರಿಗೂ ಹೇಳಬಾರದು. ಫೋಟೊದ ಜೊತೆ ಜಾಗದ ಗುರುತೂ ಸೇರಿಕೊಂಡಿರುತ್ತದೆ, ಅದನ್ನು ಅಳಿಸದೆ ಎಲ್ಲಿಯೂ ಹಾಕಬಾರದು. ಕಾರ್ಕಳದ ಕಡೆ ಒಂದು ಬಂಡೆಯ ಸಂದಿಯಲ್ಲಿ ಕೊಂಬಿನ ಗೂಬೆ ಮರಿ ಮಾಡಿತ್ತು. ನಮ್ಮ ಪೈಕಿ ಒಬ್ಬ ಅದರ ಫೋಟೊ ಹಾಕಿದ. ಹಿಂದಿದ್ದ ಬಂಡೆಯ ಆಕಾರ ನೋಡಿ ಜನ ಜಾಗ ಕಂಡುಹಿಡಿದರು. ಒಂದು ಭಾನುವಾರ ಹದಿಮೂರು ಕಾರು ಬಂದಿದ್ದವಂತೆ. ಗೂಬೆ ಮರಿಗಳನ್ನು ಬಿಟ್ಟು ಹೋಯಿತು. ಹಿರಿಯಡ್ಕದ ಹೋಟೆಲಿನಲ್ಲಿ ಅವನು ಎದುರು ಸಿಕ್ಕಿದಾಗ, ಎಲ್ಲರ ಮುಂದೆ, ಬನ್ಸ್ ತಿನ್ನುವವರೆಲ್ಲ ತಿರುಗಿ ನೋಡುವ ಹಾಗೆ ನಾನು ಅವನಿಗೆ ಬೈದೆ. "ಹಿನ್ನೆಲೆಯಲ್ಲಿ ಎಂತ ಉಂಟು ಅಂತ ನೋಡ್ಲಿಕ್ಕೆ ಕಣ್ಣಿಲ್ವಾ ನಿಂಗೆ?" ಎಂದು ಕೇಳಿದ್ದೆ. ಪಾಪ, ಅವನು ತಲೆ ತಗ್ಗಿಸಿ ಚಹಾ ಕುಡಿದು ಎದ್ದು ಹೋದ. ನನ್ನ ಬೆನ್ನು ತಟ್ಟಿದವರಿದ್ದರು. ನನಗೂ ಏನೋ ದೊಡ್ಡದು ಮಾಡಿದೆನೆಂಬ ಗರ್ವ.

ಆಮೇಲೆ ಒಂದು ಮಂಗಳವಾರ. ಮಳೆ ಆಗಷ್ಟೇ ಬಿಟ್ಟಿತ್ತು, ಗಾಳಿ ತೊಳೆದಿಟ್ಟಂತಿತ್ತು. ಕಲ್ಲಿನ ಮೇಲೆ ಲಂಗರು ಬಿಟ್ಟು ಕುಳಿತಿದ್ದೆವು. ಬೆಳಗಿನ ಹೊತ್ತು ಕಡಲಲ್ಲಿ ಪಡುವಣ ದಿಕ್ಕಿಗೆ ಮುಖ ಮಾಡಿ ಫೋಟೊ ತೆಗೆಯಬೇಕು, ಸೂರ್ಯ ನಮ್ಮ ಬೆನ್ನ ಹಿಂದಿರುತ್ತಾನೆ. ಇದು ಕಲಿಯುವವನಿಗೂ ಗೊತ್ತಿರುವ ವಿಷಯ. ಆದರೆ ಆವತ್ತು ಒಂದು ರೀವ ಹಕ್ಕಿ ತೇಲುತ್ತಿದ್ದ ಥರ್ಮಾಕೋಲ್ ತುಂಡಿನ ಮೇಲೆ ಕುಳಿತು, ದೋಣಿಗೂ ದಡಕ್ಕೂ ನಡುವೆ, ಕೈಗೆ ಸಿಗುವಷ್ಟು ಹತ್ತಿರ ಬಂತು. ನಾನು ತಿರುಗಿದೆ. ಅದರ ಹಿಂದೆ ಕೇಸರಿ ಆಕಾಶ, ಕೆಳಗೆ ಕಪ್ಪಗೆ ಘಟ್ಟದ ಸಾಲು, ಅದರ ಮುಂದೆ ಕಡ್ಡಿಯಂತೆ ದೀಪಸ್ತಂಭ. ಯಾವಾಗಲೂ ಹಿನ್ನೆಲೆಯನ್ನು ಮಸುಕು ಮಾಡುವವನು ನಾನು. ಆದರೆ ಸ್ವಲ್ಪ ದಿನಗಳ ಹಿಂದೆ ಒಂದು ಸ್ಪರ್ಧೆಯ ತೀರ್ಪುಗಾರರು, ನಿಮ್ಮ ಫೋಟೊಗಳಲ್ಲಿ ಹಕ್ಕಿ ಇದೆ, ಊರು ಇಲ್ಲ ಎಂದಿದ್ದರು. ಆ ಮಾತು ಚುಚ್ಚಿತ್ತು. ದೊಡ್ಡ ಲೆನ್ಸ್ ಬಿಚ್ಚಿಟ್ಟು ಅಗಲದ ಲೆನ್ಸ್ ಹಾಕಿದೆ. ಹಕ್ಕಿಯಿಂದ ಘಟ್ಟದವರೆಗೆ ಎಲ್ಲವೂ ಸ್ಪಷ್ಟವಾಗಿ ಬರುವಂತೆ ಮಾಡಿ ತೆಗೆದೆ.

ಅವರು ಗಾಳಕ್ಕೆ ಮೀನಿನ ತುಂಡು ಚುಚ್ಚುತ್ತಿದ್ದರು. "ಚಂದ ಬಂತಾ?" ಎಂದು ಕೇಳಿದರು.

"ಇಷ್ಟು ವರ್ಷದಲ್ಲಿ ಹೀಗೆ ಚಂದ ಬಂದದ್ದಿಲ್ಲ," ಎಂದೆ. ಅವರಿಗೂ ಖುಷಿಯಾಯಿತು.

ಮನೆಗೆ ಬಂದು ಆ ಫೋಟೊದಲ್ಲಿದ್ದ ಜಿಪಿಎಸ್ ಗುರುತನ್ನು ಜಾಗ್ರತೆಯಾಗಿ ಅಳಿಸಿದೆ. ಎರಡು ಸಲ ಪರೀಕ್ಷಿಸಿದೆ. ಆಮೇಲೆ ಹಾಕಿದೆ.

ನನ್ನ ಫೋಟೊಗಳನ್ನು ಸಾಮಾನ್ಯವಾಗಿ ಮೂವತ್ತು ನಲವತ್ತು ಜನ ನೋಡುತ್ತಾರೆ, ಅದರಲ್ಲಿ ಅರ್ಧ ಸಂಬಂಧಿಕರು. ಇದು ಹಾಗಾಗಲಿಲ್ಲ. ದುಬಾಯಿಯಲ್ಲಿರುವವರು, ಮಸ್ಕತ್ತಿನಲ್ಲಿರುವವರು, ಕಡಲ ಕಡೆಯಿಂದ ನಮ್ಮ ಕಾಪು ನೋಡಿ ಎಂದು ಹಂಚಿದರು. ಎರಡೇ ದಿನದಲ್ಲಿ ನನ್ನದೇ ಫೋಟೊ ನನಗೇ ಐದು ವಾಟ್ಸ್ಆ್ಯಪ್ ಗುಂಪುಗಳಿಂದ ವಾಪಸ್ ಬಂತು. ಆಸ್ಪತ್ರೆಯಲ್ಲಿ ಡಾಕ್ಟರುಗಳು ಕೈ ಕುಲುಕಿದರು. ಹೆಂಡತಿ ಕೂಡ ನೋಡಿ, "ಇದ್ರಲ್ಲಿ ನೀರು ಕಮ್ಮಿ ಉಂಟು, ಒಳ್ಳೇದಾಗಿದೆ," ಎಂದಳು. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಮುಂದಿನ ಮಂಗಳವಾರ ನಾವು ಹೋದಾಗ ಕಲ್ಲಿನ ಮೇಲೆ ಮೂರು ದೋಣಿಗಳಿದ್ದವು.

ಅವರು ಎಂಜಿನ್ ನಿಲ್ಲಿಸಿದರು. ಒಂದು ದೋಣಿಯಲ್ಲಿದ್ದ ಪರಿಚಯದವನೊಬ್ಬ ಕೈ ಬೀಸಿ, ನಗುತ್ತಾ ಕೂಗಿದ, "ನಿಮ್ಮ ಹಕ್ಕಿ ಫೋಟೊ ಭಾರೀ ಚಂದ ಉಂಟು ಮಾರಾಯ್ರೆ! ದೀಪಸ್ತಂಭ, ಗುಡ್ಡೆ, ಟ್ಯಾಂಕಿ, ಎಲ್ಲ ಕಾಣ್ತದೆ!" ಅವನ ಮಾತಿನಲ್ಲಿ ಕುಹಕವೂ ಇರಲಿಲ್ಲ. ಬೇರೆಯವರಿಗೆ ಅದು ಹಕ್ಕಿಯ ಫೋಟೊ, ಊರಿನ ಫೋಟೊ. ಗಾಳ ಹಾಕುವವನಿಗೆ ಅದು ಮನೆಯ ವಿಳಾಸ. ಮೊಬೈಲಿನಲ್ಲಿ ಎರಡು ಬೆರಳಿಟ್ಟು ಹಿಗ್ಗಿಸಿದರೆ ದೀಪಸ್ತಂಭದ ನೆತ್ತಿ ಘಟ್ಟದ ತಗ್ಗಿನೊಳಗೆ, ಟ್ಯಾಂಕ್ ಎರಡು ಟವರುಗಳ ನಡುವೆ. ಜಿಪಿಎಸ್ ಅಂಕಿ ಅಳಿಸಿದ್ದೆನಲ್ಲ, ಅದಕ್ಕಿಂತ ಸ್ಪಷ್ಟವಾಗಿ ಬರೆದುಕೊಟ್ಟಿದ್ದೆ.

ದಿನವಿಡೀ ಎಕ್ಸ್-ರೇ ನೋಡಿ, ಪಕ್ಕೆಲುಬಿನ ಹಿಂದೆ ಅಡಗಿದ ಕೂದಲೆಳೆಯಷ್ಟು ಬಿರುಕು ಹುಡುಕುವವನು ನಾನು. ನನ್ನದೇ ಫೋಟೊದಲ್ಲಿ ನನಗೆ ಹಕ್ಕಿ ಮಾತ್ರ ಕಂಡಿತ್ತು.

ಆವತ್ತು ಅವರು ಸುತ್ತು ಹಾಕದೆ ನೇರವಾಗಿ ದಡಕ್ಕೆ ಬಂದರು. ಸುತ್ತು ಹಾಕುವ ಅಗತ್ಯ ಇನ್ನೆಲ್ಲಿತ್ತು? ಮರಳಿನ ಮೇಲೆ ದೋಣಿ ಎಳೆದ ಮೇಲೆ ನಾನು, "ತಪ್ಪಾಯ್ತು. ಬೈದುಬಿಡಿ ಒಮ್ಮೆ," ಎಂದೆ.

"ಬೈದು ಎಂತ ಮಾಡುವುದು?" ಎಂದರು ಅವರು. ಅವರ ದನಿ ಸುಸ್ತಾಗಿತ್ತು, ಅಷ್ಟೇ. "ಬೈದ್ರೆ ಕಲ್ಲು ಬೇರೆ ಕಡೆ ಹೋಗ್ತದಾ?"

ಬೈದಿದ್ದರೆ ಚೆನ್ನಾಗಿತ್ತು. ಕೈ ಎತ್ತಿದ್ದರೂ ಚೆನ್ನಾಗಿತ್ತು. ಆ ಫೋಟೊವನ್ನು ನಾನು ಅಳಿಸಿದೆ, ಆದರೆ ಊರೆಲ್ಲ ಹಂಚಿಹೋದದ್ದನ್ನು ಎಲ್ಲಿ ಹೋಗಿ ಅಳಿಸುವುದು? ಮುಂದಿನ ಮಂಗಳವಾರ ಫೋನ್ ಮಾಡಿದೆ, ಎತ್ತಲಿಲ್ಲ. ಅದರ ಮುಂದಿನದ್ದೂ ಎತ್ತಲಿಲ್ಲ. ಮನೆಗೆ ಹೋದರೆ ಅವರ ಹೆಂಡತಿ ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟು, "ಅವರು ಮಲಗಿದ್ದಾರೆ," ಎಂದರು. ಒಳಗೆ ಅವರು ಕೆಮ್ಮಿದ್ದು ಕೇಳಿಸಿತು. ನೀರು ಕುಡಿದು ಎದ್ದು ಬಂದೆ.

ಕಲ್ಲಿನ ಸುದ್ದಿ ಬೇರೆಯವರಿಂದ ಗೊತ್ತಾಗುತ್ತಿತ್ತು. ಮೊದಲು ಮೂರು ದೋಣಿ, ಆಮೇಲೆ ಹತ್ತು. ಒಬ್ಬನ ಜಿಪಿಎಸ್‌ನಲ್ಲಿ ಒಮ್ಮೆ ಸೇರಿದರೆ ಮುಗಿಯಿತು, ಎಲ್ಲರಿಗೂ ದಾಟುತ್ತದೆ. ಯಾರೋ ಬಲೆ ಹಾಕಿದರು, ಬಲೆ ಬಂಡೆಗೆ ಸಿಕ್ಕಿ ಹರಿಯಿತು, ಹರಿದದ್ದನ್ನು ಅಲ್ಲೇ ಬಿಟ್ಟರು. ಈಗ ಗಾಳ ಇಳಿಸಿದರೆ ಮೀನಿಗೆ ಮುಂಚೆ ಬಲೆಯ ಚೂರು ಸಿಗುತ್ತದಂತೆ. ಅವರು ಅಲ್ಲಿಗೆ ಹೋಗುವುದನ್ನೇ ಬಿಟ್ಟಿದ್ದರು.

ಆ ಒಂದು ವರ್ಷ ನಾನು ದಡದ ಫೋಟೊಗ್ರಾಫರ್ ಆದೆ. ಕಾಪುವಿನ ಬಂಡೆಯ ಮೇಲೆ ಕೂತು ಕಡಲ ಕಾಗೆಗಳು ನಾಯಿಗಳ ಜೊತೆ ಮೀನಿನ ತಲೆಗೆ ಜಗಳಾಡುವುದನ್ನು ತೆಗೆದೆ. ಸ್ವರ್ಣಾ ನದಿಯ ಅಳಿವೆಯಲ್ಲಿ ಬೆಳ್ಳಕ್ಕಿ ತೆಗೆದೆ. ಆಸ್ಪತ್ರೆಯ ಹಿಂದಿನ ಗುಡ್ಡದಲ್ಲಿ ನವಿಲು ತೆಗೆದೆ, ನವಿಲು ಯಾರಿಗೆ ಬೇಕು? ಯಾವುದರಲ್ಲೂ ಮನಸ್ಸಿರಲಿಲ್ಲ. ಹಿರಿಯಡ್ಕದ ಆ ಹೋಟೆಲಿಗೆ ಹೋಗಿ, ಗೂಬೆಯ ಹುಡುಗನನ್ನು ಹುಡುಕಿ, ಕ್ಷಮೆ ಕೇಳಿದೆ. ಅವನಿಗೆ ನನ್ನ ಕಥೆ ಆಗಲೇ ಗೊತ್ತಿತ್ತು. ನನಗೂ ಒಂದು ಚಹಾ ಹೇಳಿದ. ಅವನಿಗೆ ನಗುವ ಹಕ್ಕಿತ್ತು, ನಗಲಿಲ್ಲ, ಅದು ಅವನ ದೊಡ್ಡತನ.

ಈ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಎಕ್ಸ್-ರೇ ಕೋಣೆಯ ಬಾಗಿಲಲ್ಲಿ ಚೀಟಿ ಹಿಡಿದುಕೊಂಡು ಅವರು ನಿಂತಿದ್ದರು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು. ಒಬ್ಬರೇ ಲಂಗರು ಎತ್ತಿ ಎತ್ತಿ ಹಳೆಯ ಹೆಗಲು ಮತ್ತೆ ಕೆಟ್ಟಿತ್ತು. ಅದಕ್ಕೂ ನಾನೇ ಕಾರಣ ಎಂದು ಮನಸ್ಸಿನಲ್ಲಿ ಇನ್ನೊಂದು ತಪ್ಪು ಸೇರಿಸಿಕೊಂಡೆ. ಅಂಗಿ ತೆಗೆಯಲು ಸಹಾಯ ಮಾಡಿ, ಹಲಗೆಗೆ ಹೆಗಲು ಒತ್ತಿ ನಿಲ್ಲಿಸಿದೆ. ಆಡಲು ಇದ್ದದ್ದು ದಿನವೂ ಆಡುವ ಮಾತು ಮಾತ್ರ.

"ಉಸಿರು ಹಿಡ್ಕೊಳ್ಳಿ, ಅಲ್ಲಾಡಬೇಡಿ."

ಅವರು ಅಲ್ಲಾಡಲಿಲ್ಲ. ಯಂತ್ರ ಗುಂಯ್ ಎಂದಿತು. ಅಂಗಿ ಹಾಕಿಕೊಳ್ಳುತ್ತಾ, ನನ್ನ ಮುಖ ನೋಡದೆ, ಅವರು ಕೇಳಿದರು, "ಮಂಗಳವಾರ ರಜೆ ಈಗಲೂ ಉಂಟಾ?"

"ಉಂಟು," ಎಂದೆ.

"ಬನ್ನಿ. ಕ್ಯಾಮೆರಾ ತರಬಹುದು. ಆದರೆ ಒಂದು ಮಾತು. ಅಲ್ಲಿ ಮುಟ್ಟಿದ ಮೇಲೆ ನೀವು ದಡಕ್ಕೆ ಬೆನ್ನು ಹಾಕಿ ಕೂತ್ಕೊಳ್ಳಬೇಕು. ತಿರುಗಬಾರದು."

ಹಾಗಾದರೆ ಇನ್ನೊಂದು ಕಲ್ಲಿತ್ತು. ಆ ತಂದೆ ಮಗನಿಗೆ ಎರಡು ಬಿಟ್ಟುಹೋಗಿದ್ದರು. ಎರಡನೆಯದರ ಸುಳಿವು ಇಷ್ಟು ವರ್ಷ ದೋಣಿಯಲ್ಲಿ ಜೊತೆಗೆ ಕೂತ ನನಗೂ ಸಿಕ್ಕಿರಲಿಲ್ಲ. ಅಂಥವರ ಬಿಗಿ ಬಾಯಿಯ ಎದುರು ಫೋಟೊ ಹಂಚಿದ ನನ್ನ ಕೈ ಎಷ್ಟು ಸಡಿಲ ಎಂದು ಯೋಚಿಸಿ ಇನ್ನಷ್ಟು ಸಣ್ಣವನಾದೆ.

ಮಂಗಳವಾರ ಬೆಳಕು ಹರಿಯುವ ಮುಂಚೆ ಹೊರಟೆವು. ನಾನು ನಡುವಿನ ಹಲಗೆಯ ಮೇಲೆ ಪಡುವಣಕ್ಕೆ ಮುಖ ಮಾಡಿ ಕುಳಿತೆ. ಎಷ್ಟು ಹೊತ್ತು ಹೋದೆವೆಂದು ಗಡಿಯಾರ ನೋಡಲಿಲ್ಲ, ಬೇಕೆಂದೇ ನೋಡಲಿಲ್ಲ. ಹಿಂದೆ ಅವರು ಎಂಜಿನ್ ಸಣ್ಣದು ಮಾಡಿದರು, ದೊಡ್ಡದು ಮಾಡಿದರು, ಮತ್ತೆ ಸಣ್ಣದು ಮಾಡಿದರು. ದಡ ನೋಡುತ್ತಿದ್ದಾರೆಂದು ನನಗೆ ತಿಳಿಯುತ್ತಿತ್ತು. ನನ್ನ ಕತ್ತಿನ ಹಿಂಭಾಗ ತುರಿಸಿತು. ಲಂಗರನ್ನು ಅವರೇ ಬಿಟ್ಟರು, ಬಿಡಲು ಹೆಗಲು ಬೇಕಾಗಿಲ್ಲ. ನೆಲದ ಗಾಳಿಗೆ ದೋಣಿ ನಿಧಾನವಾಗಿ ತಿರುಗಿ ಅದರ ಮೂತಿ ದಡದ ಕಡೆಯಾಯಿತು. ನಾನು ಹಲಗೆಯ ಮೇಲೆಯೇ ಜರುಗಿ ಮತ್ತೆ ಪಡುವಣಕ್ಕೆ ಮುಖ ಮಾಡಿದೆ. ಅವರು ಮೂತಿಯ ಹತ್ತಿರ ಕೂತು ಗಾಳ ಇಳಿಸಿದರು.

ಬೆನ್ನಿಗೆ ಬಿಸಿಲು ಬಂತು. ರೀವ ಹಕ್ಕಿಗಳು ಬಂದವು, ಒಂದಷ್ಟು ಫೋಟೊ ತೆಗೆದೆ. ಬೆಳಕು ಚೆನ್ನಾಗಿತ್ತು. ಫೋಟೊಗ್ರಾಫರನಿಗೆ ಇದೊಂದು ಶಿಕ್ಷೆಯೇ ಅಲ್ಲ, ಕೂರಬೇಕಾದದ್ದೇ ಹೀಗೆ. ಆವತ್ತೂ ಹೀಗೆ ಕೂತಿದ್ದರೆ ಸಾಕಿತ್ತು.

ಸುಮಾರು ಹೊತ್ತಿನ ಮೇಲೆ ಅವರ ದನಿ ಬಂತು. "ಇಲ್ಲಿ ಒಂದು ಹಕ್ಕಿ ಬಂದು ನೀರಲ್ಲಿ ಕೂತಿತು. ದೊಡ್ಡದು."

"ಎಂಥದ್ದು?" ಎಂದೆ, ಕಡಲನ್ನೇ ನೋಡುತ್ತಾ.

"ಬಿಳಿ. ಮೋರೆಗೆ ಮಾತ್ರ ಮಸಿ ಬಳಿದ ಹಾಗೆ ಉಂಟು."

"ಕೊಕ್ಕು?"

"ಹಳದಿ."

"ಎಷ್ಟು ದೂರ ಉಂಟು?"

"ಎರಡು ದೋಣಿ ಉದ್ದ. ನಮ್ಮನ್ನೇ ನೋಡ್ತಾ ಉಂಟು."

ಹದಿನೈದು ವರ್ಷ, ಹೆಗಲು, ಬೆನ್ನು, ಎಷ್ಟೋ ರಜೆಗಳು, ಹೆಂಡತಿಯ ಜೊತೆ ಹೋಗದೆ ಉಳಿದ ಎಷ್ಟೋ ಮದುವೆಗಳು, ಎಲ್ಲ ಈ ಒಂದು ಹಕ್ಕಿಗೆ. ಕತ್ತು ತಿರುಗಿಸಿದರೆ ಸಾಕು. ಅವರು ಮೆಲ್ಲಗೆ ಹೇಳಿದರು, "ಕ್ಯಾಮೆರಾ ಕೆಳಗಿಟ್ಟು ಬೇಕಾದ್ರೆ ತಿರುಗಿ ನೋಡಿ. ಒಂದು ಸಲ."

ನಾನು ತಿರುಗಲಿಲ್ಲ. ತಿರುಗಿದರೆ ಹಕ್ಕಿಯ ಹಿಂದೆ ದೀಪಸ್ತಂಭ ಇರುತ್ತದೆ, ಘಟ್ಟ ಇರುತ್ತದೆ. ಯಾವುದು ಯಾವುದರ ಕೆಳಗಿದೆ ಎಂದು ಈಗ ನನ್ನ ಕಣ್ಣು ನೋಡಿಯೇ ಬಿಡುತ್ತದೆ. ಆಮೇಲೆ ಅದನ್ನು ಎಲ್ಲಿ ಇಟ್ಟುಕೊಳ್ಳಲಿ? ನನ್ನ ಮೇಲೆ ನನಗೆ ಅಷ್ಟು ನಂಬಿಕೆ ಉಳಿದಿರಲಿಲ್ಲ.

"ಬೇಡ," ಎಂದೆ. "ನೀವೇ ನೋಡಿ ಹೇಳಿ."

ಅವರು ಹೇಳಿದರು. ಆವತ್ತು ಮೊದಲ ಸಲ ನನ್ನ ಹತ್ತಿರ ತುಳುವಿನಲ್ಲಿ ಮಾತಾಡಿದರು. ರೆಕ್ಕೆಯ ಅಂಚು ಕಪ್ಪು, ಕಣ್ಣು ಹಳದಿ, ಈಗ ಕೊಕ್ಕಿನಿಂದ ಎದೆ ಕೆರೆಯುತ್ತಿದೆ, ಈಗ ತಲೆಯನ್ನು ನೀರಿನೊಳಗೆ ಹಾಕಿ ಇಣುಕಿತು, ಈಗ ಸಣ್ಣ ತೆರೆಯೊಂದು ಅದನ್ನು ಎತ್ತಿ ಇಳಿಸಿತು. ಮೀನು ಗಾಳ ಎಳೆಯುತ್ತಿದ್ದ ಸದ್ದು ನನಗೆ ಕೇಳಿಸುತ್ತಿತ್ತು, ಅವರು ಅದನ್ನೂ ಬಿಟ್ಟು ಹೇಳುತ್ತಿದ್ದರು. ನಾನು ಖಾಲಿ ಕಡಲನ್ನು ನೋಡುತ್ತಾ ಕೇಳಿದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ, ಹೇಗೂ ಅವರಿಗೆ ನನ್ನ ಬೆನ್ನು ಮಾತ್ರ ಕಾಣುತ್ತಿತ್ತು.

ಕೊನೆಗೆ ನೀರಿನ ಮೇಲೆ ರೆಕ್ಕೆ ಬಡಿದ ಸದ್ದು. "ಪೋಂಡ್," ಎಂದರು ಅವರು. ಹೋಯಿತು. ನನ್ನ ಕಡೆಗಲ್ಲ, ದಡದ ಕಡೆಗೇ ಹಾರಿ ಹೋಯಿತಂತೆ.

ಬುಟ್ಟಿಯಲ್ಲಿ ನಾಲ್ಕು ಮುರು ಬಿದ್ದ ಮೇಲೆ ಅವರು ಗಾಳ ಸುತ್ತಿದರು. ಲಂಗರು ಎತ್ತುವ ಹೊತ್ತಾಯಿತು. ಅದರ ಹಗ್ಗ ಇದ್ದದ್ದು ದೋಣಿಯ ಮೂತಿಯಲ್ಲಿ, ದಡದ ಬದಿಗೆ. ನಾನು ಕ್ಯಾಮೆರಾವನ್ನು ಚೀಲದೊಳಗಿಟ್ಟು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಎದ್ದು ತಿರುಗಿ, ದೋಣಿಯ ಅಂಚನ್ನು ತಡವರಿಸುತ್ತಾ ಮುಂದೆ ಹೋದೆ. ಮಂಡಿ ಹಲಗೆಗೆ ಬಡಿಯಿತು.

ಅವರು ನಕ್ಕರು. ಒಂದು ವರ್ಷದ ಮೇಲೆ ಆ ನಗು ಕೇಳಿದೆ. "ಕಣ್ಣು ಬಿಡಿ ಮಾರಾಯ್ರೆ, ನೀರಿಗೆ ಬೀಳ್ತೀರಿ!"

ನಾನು ಬಿಡಲಿಲ್ಲ. ಅವರು ನನ್ನ ಕೈ ಹಿಡಿದು ಹಗ್ಗದ ಮೇಲೆ ಇಟ್ಟರು. ನಾನು ಎಳೆಯತೊಡಗಿದೆ.